ಮನೆ ಬೆಲೆ ಏರಿತು, ತೆರಿಗೆಯನ್ನೂ ಕಟ್ಟಿದೆವು. ಆದರೂ ಮಗಳ ಶಾಲೆ ಮುಚ್ಚುವುದೇಕೆ?

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿ, ಡಲ್ಲಾಸ್‌ನ ಉತ್ತರಕ್ಕಿರುವ ಒಂದು ಊರಲ್ಲಿ ಒಂಬತ್ತು ವರ್ಷದಿಂದ ಇದ್ದೇವೆ. ಒಳ್ಳೆಯ ಶಾಲೆ ಇದೆ ಅಂತಲೇ ಇಲ್ಲಿ ಮನೆ ಕೊಂಡಿದ್ದು. ಮನೆ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ. ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ದೊಡ್ಡ ಪಾಲು ಶಾಲೆಯದೇ. ಆದರೆ ಈಗ ಡಿಸ್ಟ್ರಿಕ್ಟ್‌ನವರು ಹಣವಿಲ್ಲ, ಮಕ್ಕಳೂ ಕಡಿಮೆ ಎಂದು ಮಗಳ ಎಲಿಮೆಂಟರಿ ಶಾಲೆಯನ್ನು ಮುಚ್ಚುವ ಪಟ್ಟಿಗೆ ಸೇರಿಸಿದ್ದಾರೆ. ಅದೇ ಹೊತ್ತಿಗೆ ಹೈಸ್ಕೂಲಿನಲ್ಲಿ ಆಟಕ್ಕೆಂದು ಹೊಸ ಕಟ್ಟಡ ಏಳುತ್ತಿದೆ. ನಮ್ಮ ಹಣವನ್ನು 'ರಾಬಿನ್ ಹುಡ್' ಎಂದು ಆಸ್ಟಿನ್‌ಗೆ ಒಯ್ಯುತ್ತಾರೆ ಎನ್ನುತ್ತಾರೆ ಪಕ್ಕದ ಮನೆಯವರು. ನಾವಿನ್ನೂ ಎಚ್-1ಬಿ ವೀಸಾದಲ್ಲಿದ್ದೇವೆ, ಮತ ಹಾಕುವ ಹಾಗಿಲ್ಲ. ನಿಜವಾಗಿ ಏನಾಗುತ್ತಿದೆ? ನಮ್ಮಂಥವರು ಏನು ಮಾಡಬಹುದು?

ಉತ್ತರ: ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಬೆಲೆ ಏರಿದರೆ ಮಗಳ ಶಾಲೆಗೆ ಸಿಗುವ ಹಣ ಏರುವುದಿಲ್ಲ. ಇದನ್ನು ಕೇಳಿದಾಗ ಎಲ್ಲರಿಗೂ ಆಶ್ಚರ್ಯವಾಗುತ್ತದೆ. ಶಾಲೆಗಳ ಲೆಕ್ಕಪತ್ರದಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ ನನಗೂ ಇದು ಪೂರ್ತಿ ತಲೆಗೆ ಹೋಗಲು ಸಮಯ ಬೇಕಾಯಿತು.

ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ರಾಜ್ಯ ಸರ್ಕಾರವೇ ಸಂಬಳ ಕೊಡುತ್ತದೆ. ಆ ಊರಿನ ಮನೆ ಕಂದಾಯಕ್ಕೂ ಅದಕ್ಕೂ ನಂಟಿಲ್ಲ. ಇಲ್ಲಿ ಹಾಗಲ್ಲ. ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ತನ್ನದೇ ತೆರಿಗೆ, ತನ್ನದೇ ಚುನಾಯಿತ ಬೋರ್ಡ್ ಇರುವ ಒಂದು ಪುಟ್ಟ ಸರ್ಕಾರ. ಟೆಕ್ಸಸ್‌ನಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ಹಾಗಾಗಿ ನಾವು ಕಟ್ಟಿದ ಹಣ ನಮ್ಮ ಶಾಲೆಗೇ ಅಂದುಕೊಳ್ಳುವುದು ಸಹಜ. ಅದು ಅರ್ಧ ಮಾತ್ರ ನಿಜ.

ಒಂದು ಕೊಡ ಇದೆ ಎಂದುಕೊಳ್ಳಿ. ಅದು ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವುದು ನಿಮ್ಮ ಡಿಸ್ಟ್ರಿಕ್ಟ್ ಅಲ್ಲ, ರಾಜಧಾನಿ ಆಸ್ಟಿನ್‌ನಲ್ಲಿರುವ ಶಾಸನಸಭೆ. ದಿನಕ್ಕೆ ಸರಾಸರಿ ಎಷ್ಟು ಮಕ್ಕಳು ಶಾಲೆಗೆ ಬಂದರು ಎಂದು ಎಣಿಸುತ್ತಾರೆ. ಅದನ್ನು 'ಬೇಸಿಕ್ ಅಲಾಟ್‌ಮೆಂಟ್' ಎಂಬ ಮೊತ್ತದಿಂದ ಗುಣಿಸುತ್ತಾರೆ. 2019ರಲ್ಲಿ ಇದು ಒಂದು ಮಗುವಿಗೆ 6,160 ಡಾಲರ್ ಎಂದಾಯಿತು. ಆರು ವರ್ಷ ಅಲ್ಲೇ ನಿಂತಿತ್ತು. 2025ರಲ್ಲಿ 55 ಡಾಲರ್ ಸೇರಿಸಿ 6,215 ಮಾಡಿದರು. ಬಡ ಮನೆಯ ಮಕ್ಕಳಿಗೆ, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ, ವಿಶೇಷ ಶಿಕ್ಷಣ ಬೇಕಾದ ಮಕ್ಕಳಿಗೆ ಇದರ ಮೇಲೆ ಒಂದಿಷ್ಟು ಸೇರುತ್ತದೆ. ಕೊಡದ ಗಾತ್ರ ಹೀಗೆ ಗೊತ್ತಾಗುತ್ತದೆ.

ಆಮೇಲೆ ತುಂಬಿಸುವ ಕೆಲಸ. ಮೊದಲು ನಿಮ್ಮ ಮನೆ ತೆರಿಗೆ ಬೀಳುತ್ತದೆ. ಕೊಡ ತುಂಬದಿದ್ದರೆ ಉಳಿದದ್ದನ್ನು ರಾಜ್ಯ ತುಂಬುತ್ತದೆ. ತುಂಬಿ ಹೊರಗೆ ಚೆಲ್ಲುವಷ್ಟಿದ್ದರೆ ಆ ಹೆಚ್ಚಿನದನ್ನು ರಾಜ್ಯ ತೆಗೆದುಕೊಳ್ಳುತ್ತದೆ. ಈ ತೆಗೆದುಕೊಳ್ಳುವುದಕ್ಕೇ 'ರೀಕ್ಯಾಪ್ಚರ್' ಎಂದು ಹೆಸರು, ನಿಮ್ಮ ಪಕ್ಕದ ಮನೆಯವರು ಹೇಳಿದ ರಾಬಿನ್ ಹುಡ್.

ಈಗ ನಿಮ್ಮ ಮನೆ 3 ಲಕ್ಷ ಡಾಲರ್‌ನಿಂದ 6 ಲಕ್ಷಕ್ಕೆ ಏರಿತು ಎನ್ನೋಣ. ಕೊಡ ದೊಡ್ಡದಾಯಿತೇ? ಇಲ್ಲ. ರಾಜ್ಯ ಹಾಕಬೇಕಿದ್ದ ಹಣ ಕಡಿಮೆಯಾಯಿತು, ಅಷ್ಟೇ. ಜೊತೆಗೆ 2019ರ ಕಾನೂನಿನ ಪ್ರಕಾರ ಬೆಲೆ ಏರಿದ ಹಾಗೆ ತೆರಿಗೆ ದರವನ್ನು ಇಳಿಸಬೇಕು. ಸ್ವಂತ ಮನೆಯಲ್ಲಿ ವಾಸ ಇರುವವರಿಗೆ ಹೋಮ್‌ಸ್ಟೆಡ್ ವಿನಾಯಿತಿಯೂ ಇದೆ. ಅದು 2023ರಲ್ಲಿ 40,000ದಿಂದ 1 ಲಕ್ಷ ಡಾಲರ್‌ಗೆ, 2025ರಲ್ಲಿ 1 ಲಕ್ಷ 40 ಸಾವಿರಕ್ಕೆ ಏರಿತು. ಅಂದರೆ 5 ಲಕ್ಷದ ಮನೆಗೆ 3 ಲಕ್ಷ 60 ಸಾವಿರದ ಮೇಲಷ್ಟೇ ಶಾಲಾ ತೆರಿಗೆ. ಹೀಗೆ ಖೋತಾ ಆದ ಹಣವನ್ನು ರಾಜ್ಯ ತುಂಬಿಕೊಡುತ್ತದೆ. 'ಶಾಲೆಗಳಿಗೆ ಇಷ್ಟು ಸಾವಿರ ಕೋಟಿ ಕೊಟ್ಟೆವು' ಎಂದು ರಾಜಕಾರಣಿಗಳು ಹೇಳುವಾಗ ಅದರಲ್ಲಿ ಇದೂ ಸೇರಿರುತ್ತದೆ. ಆದರೆ ಮನೆಯವರು ಕಟ್ಟುತ್ತಿದ್ದ ಜಾಗದಲ್ಲಿ ರಾಜ್ಯ ಕಟ್ಟಿದರೆ ಶಾಲೆಗೆ ಒಂದು ಡಾಲರ್ ಕೂಡ ಜಾಸ್ತಿ ಸಿಗುವುದಿಲ್ಲ, ಅಲ್ವಾ?

ಕೊಡ ಹಾಗೇ ಇದ್ದಾಗ ಖರ್ಚು ಸುಮ್ಮನಿರಲಿಲ್ಲ. 2019ರಿಂದ 2024ರ ನಡುವೆ ಅಮೆರಿಕದಲ್ಲಿ ಬೆಲೆಗಳು ಶೇ. 20ಕ್ಕೂ ಹೆಚ್ಚು ಏರಿದವು. ದಿನಸಿಗೆ ಎಷ್ಟು ಕೊಡುತ್ತಿದ್ದಿರಿ, ಈಗ ಎಷ್ಟು ಕೊಡುತ್ತೀರಿ ಎಂದು ನಿಮಗೇ ಗೊತ್ತು. ಬಸ್ಸಿನ ಡೀಸೆಲ್, ಕಟ್ಟಡದ ವಿಮೆ, ಎಸಿ ರಿಪೇರಿ, ಶಿಕ್ಷಕರ ಸಂಬಳ ಎಲ್ಲವೂ ಏರಿತು. 2022ರ ಮೇನಲ್ಲಿ ಟೆಕ್ಸಸ್‌ನದೇ ಯುವಾಲ್ಡಿ ಎಂಬ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಗುಂಡಿಗೆ ಬಲಿಯಾದರು. ಆ ಮೇಲೆ ಪ್ರತಿ ಶಾಲೆಯಲ್ಲೂ ಬಂದೂಕು ಹಿಡಿದ ಕಾವಲುಗಾರ ಇರಬೇಕು ಎಂದು 2023ರಲ್ಲಿ ಕಾನೂನು ಬಂತು. ಅದಕ್ಕೆ ರಾಜ್ಯ ಆಗ ಕೊಟ್ಟದ್ದು ಒಂದು ಶಾಲೆಗೆ 15,000 ಡಾಲರ್, ಮಗುವಿಗೆ 10 ಡಾಲರ್. ಒಬ್ಬ ಕಾವಲುಗಾರನ ವರ್ಷದ ಸಂಬಳಕ್ಕೆ ಅದು ಸಾಲುವುದಿಲ್ಲ. ಆಮೇಲೆ ಈ ಮೊತ್ತವನ್ನು ಹೆಚ್ಚಿಸಿದ್ದಾರೆ. ಆದರೂ ಉಳಿದದ್ದನ್ನು ಡಿಸ್ಟ್ರಿಕ್ಟ್‌ಗಳೇ ಹೊಂದಿಸಬೇಕು.

ವಿಶೇಷ ಶಿಕ್ಷಣದ ಲೆಕ್ಕವೂ ಹೀಗೆಯೇ. ಈ ಮಕ್ಕಳಿಗೆ ಆಗುವ ಹೆಚ್ಚುವರಿ ಖರ್ಚಿನಲ್ಲಿ ಶೇ. 40ರವರೆಗೆ ಕೊಡುತ್ತೇವೆ ಎಂದು ಕೇಂದ್ರ ಸರ್ಕಾರ 1975ರಲ್ಲಿ ಮಾತು ಕೊಟ್ಟಿತ್ತು. ಈಗ ಬರುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಟೆಕ್ಸಸ್‌ನಲ್ಲಂತೂ ಶೇ. 8.5ಕ್ಕಿಂತ ಹೆಚ್ಚು ಮಕ್ಕಳನ್ನು ಈ ಪಟ್ಟಿಗೆ ಸೇರಿಸದ ಹಾಗೆ ವರ್ಷಾನುಗಟ್ಟಲೆ ಡಿಸ್ಟ್ರಿಕ್ಟ್‌ಗಳ ಮೇಲೆ ಒತ್ತಡವಿತ್ತು. 2016ರಲ್ಲಿ ಅದು ಬಯಲಾದ ಮೇಲೆ ಸಹಾಯ ಸಿಗದೆ ಉಳಿದಿದ್ದ ಮಕ್ಕಳಿಗೆ ಬಾಗಿಲು ತೆರೆಯಿತು. ಅದು ಆಗಲೇಬೇಕಿತ್ತು. ನಮ್ಮ ಮಗುವಿಗೆ ಸ್ಪೀಚ್ ಥೆರಪಿ ಕೇಳಿದರೆ ಬೇರೆಯವರ ಪಾಲು ಕಿತ್ತುಕೊಂಡಂತೆ ಆಗುತ್ತದೇನೋ ಎಂದು ಹಿಂಜರಿಯುವ ಕನ್ನಡದ ತಂದೆ ತಾಯಿಯರನ್ನು ನೋಡಿದ್ದೇನೆ. ದಯವಿಟ್ಟು ಹಿಂಜರಿಯಬೇಡಿ. ಕೊಟ್ಟ ಮಾತು ತಪ್ಪಿದವರು ನೀವಲ್ಲ.

ಕೋವಿಡ್ ಕಾಲದಲ್ಲಿ ದೇಶದ ಶಾಲೆಗಳಿಗೆಲ್ಲ ಸೇರಿ ಸುಮಾರು 19,000 ಕೋಟಿ ಡಾಲರ್ ಕೇಂದ್ರದ ನೆರವು ಬಂತು. ಸೋರುತ್ತಿದ್ದ ಜಾಗವನ್ನು ಅದು ಒಂದಷ್ಟು ದಿನ ಮುಚ್ಚಿಟ್ಟಿತು. ಅದರ ಕೊನೆಯ ಕಂತಿನ ಗಡುವು 2024ರ ಸೆಪ್ಟೆಂಬರ್‌ಗೆ ಮುಗಿಯಿತು. ಸುತ್ತಮುತ್ತಲಿನ ಡಿಸ್ಟ್ರಿಕ್ಟ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮಯಕ್ಕೆ 'ಹಣವಿಲ್ಲ' ಎನ್ನಲು ಶುರು ಮಾಡಿದ್ದಕ್ಕೆ ಇದೂ ಒಂದು ಕಾರಣ.

ಇನ್ನು ಶಾಲೆ ಮುಚ್ಚುವ ವಿಚಾರ. ಇದು ನಿಮ್ಮ ಊರೊಂದರದ್ದೇ ಅಲ್ಲ. ಪ್ಲೇನೋ 2024ರ ಜೂನ್‌ನಲ್ಲಿ ಎರಡು ಎಲಿಮೆಂಟರಿ, ಎರಡು ಮಿಡಲ್ ಶಾಲೆಗಳನ್ನು ಮುಚ್ಚಲು ತೀರ್ಮಾನಿಸಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಲೂಯಿಸ್‌ವಿಲ್ ಐದು ಎಲಿಮೆಂಟರಿ ಶಾಲೆಗಳ ಬಗ್ಗೆ ಇದೇ ತೀರ್ಮಾನ ಮಾಡಿತು. ರಿಚರ್ಡ್‌ಸನ್, ಕೊಪೆಲ್ ಕೂಡ ಅದೇ ದಾರಿ ಹಿಡಿದವು. ವರ್ಷಕ್ಕೆ ಹಲವು ಹೊಸ ಶಾಲೆ ತೆರೆಯುತ್ತಿದ್ದ ಫ್ರಿಸ್ಕೋದಲ್ಲೇ ಈಗ ಮಕ್ಕಳ ಸಂಖ್ಯೆ ಇಳಿಯತೊಡಗಿದೆ.

ಈ ಊರುಗಳು ಬಹುಪಾಲು 1970ರಿಂದ 2000ದ ನಡುವೆ ಬೆಳೆದವು. ಆಗ ಎಳೆಯ ಮಕ್ಕಳನ್ನು ಕಟ್ಟಿಕೊಂಡು ಬಂದವರಿಗೆ ಈಗ ವಯಸ್ಸಾಗಿದೆ. ಮಕ್ಕಳು ಬೆಳೆದು ಬೇರೆ ಕಡೆ ಹೋಗಿದ್ದಾರೆ. ಇವರು ಮನೆ ಬಿಡುವುದಿಲ್ಲ, ಶೇ. 3ರ ಬಡ್ಡಿಯ ಸಾಲ ಇರುವಾಗ ಯಾರು ಬಿಡುತ್ತಾರೆ? ಬಿಟ್ಟರೂ ಆ ಬೆಲೆಗೆ ಕೊಳ್ಳುವ ಶಕ್ತಿ ಎಳೆಯ ಸಂಸಾರಗಳಿಗಿಲ್ಲ. ಅವರು ಇನ್ನೂ ಉತ್ತರಕ್ಕೆ, ಪ್ರಾಸ್ಪರ್, ಸಲೈನಾ ಕಡೆ ಹೋಗುತ್ತಾರೆ. ಜೊತೆಗೆ ಹುಟ್ಟುವ ಮಕ್ಕಳೇ ಕಡಿಮೆ. ಕೆಲವರು ಚಾರ್ಟರ್ ಶಾಲೆಗೆ, ಅಂದರೆ ಸರ್ಕಾರದ ಹಣದಲ್ಲಿ ಬೇರೆ ಸಂಸ್ಥೆ ನಡೆಸುವ ಶಾಲೆಗೆ ಹೋಗುತ್ತಾರೆ. 2025ರಲ್ಲಿ ಖಾಸಗಿ ಶಾಲೆಯ ಫೀಸಿಗೆ ಸರ್ಕಾರದ ಹಣ ಕೊಡಲು 100 ಕೋಟಿ ಡಾಲರ್‌ನ ಯೋಜನೆಗೂ ಶಾಸನಸಭೆ ಒಪ್ಪಿಗೆ ಕೊಟ್ಟಿದೆ. 2026-27ರ ಶಾಲಾ ವರ್ಷದಿಂದ ಅದು ಜಾರಿಯಾಗುತ್ತದೆ. ನೋಡಿ, ಮನೆ ದುಬಾರಿಯಾದದ್ದು ಶಾಲೆಗೆ ಹಣ ತರಲಿಲ್ಲ, ಮಕ್ಕಳನ್ನು ಮಾತ್ರ ದೂರ ಮಾಡಿತು.

'ಮಕ್ಕಳು ಕಡಿಮೆಯಾದರೆ ಖರ್ಚೂ ಕಡಿಮೆಯಾಗಬೇಕಲ್ಲ?' ಎಂದು ಎಲ್ಲರೂ ಕೇಳುತ್ತಾರೆ. ಒಂದು ಲೆಕ್ಕ ಮಾಡೋಣ. ಟೆಕ್ಸಸ್‌ನಲ್ಲಿ ನಾಲ್ಕನೇ ತರಗತಿಯವರೆಗೆ ಒಬ್ಬ ಶಿಕ್ಷಕರಿಗೆ 22 ಮಕ್ಕಳು ಎಂಬ ಮಿತಿ ಇದೆ. ಎರಡನೇ ಕ್ಲಾಸಿನಲ್ಲಿ 66 ಮಕ್ಕಳಿದ್ದರೆ ಮೂರು ಕೋಣೆ, ಮೂವರು ಟೀಚರ್. ಐದು ಮಕ್ಕಳು ಬಿಟ್ಟು ಹೋಗಿ 61 ಆದರು. ಆಗಲೂ ಮೂರು ಕೋಣೆ, ಮೂವರು ಟೀಚರ್. ಎರಡಕ್ಕೆ ಇಳಿಸಿದರೆ ಒಂದೊಂದರಲ್ಲಿ ಮೂವತ್ತಾಗುತ್ತದೆ. ಕಿಂಡರ್‌ಗಾರ್ಟನ್‌ನಿಂದ ಐದನೇ ಕ್ಲಾಸಿನವರೆಗೆ ಆರು ತರಗತಿ. ಪ್ರತಿಯೊಂದರಲ್ಲೂ ಐದೈದು ಮಕ್ಕಳು ಕಡಿಮೆಯಾದರೆ ಒಟ್ಟು 30. ಬೇಸಿಕ್ ಅಲಾಟ್‌ಮೆಂಟ್ ಒಂದರಲ್ಲೇ 1 ಲಕ್ಷ 86 ಸಾವಿರ ಡಾಲರ್ ಕಡಿಮೆ ಬಂತು. ಕಡಿಮೆ ಮಾಡಲು ಸಿಕ್ಕ ಖರ್ಚು? ಊಟದ ಕೆಲವು ತಟ್ಟೆ, ಕೆಲವು ಪುಸ್ತಕ. ಪ್ರಿನ್ಸಿಪಾಲ್, ನರ್ಸ್, ಕೌನ್ಸೆಲರ್, ಲೈಬ್ರರಿಯವರು, ಆಫೀಸಿನವರು ಎಲ್ಲರೂ ಹಾಗೇ ಬೇಕು. ಡಿಸ್ಟ್ರಿಕ್ಟ್‌ನ ದಿನನಿತ್ಯದ ಬಜೆಟ್‌ನಲ್ಲಿ ಶೇ. 80ಕ್ಕೂ ಹೆಚ್ಚು ಹೋಗುವುದು ಸಂಬಳಕ್ಕೆ. ಹಾಗಾಗಿ ಉಳಿತಾಯ ಬೇಕೆಂದರೆ ಕೊನೆಗೆ ಎರಡು ಅರೆಖಾಲಿ ಶಾಲೆಗಳನ್ನು ಒಂದು ಮಾಡುವ ಮಾತು ಬಂದೇ ಬರುತ್ತದೆ.

ಇದನ್ನೆಲ್ಲ ಹೇಳಿದ್ದು ನಿಮ್ಮ ಬೋರ್ಡ್ ಮಾಡುವುದೆಲ್ಲ ಸರಿ ಎಂದಲ್ಲ. ಶಾಲೆ ಮುಚ್ಚಿದಾಗ ಉಳಿಯುವ ಹಣ ಒಟ್ಟು ಬಜೆಟ್‌ನಲ್ಲಿ ಜನ ಅಂದುಕೊಂಡಷ್ಟು ದೊಡ್ಡದಲ್ಲ. ಯಾವ ಶಾಲೆ, ಯಾವಾಗ, ಹೇಗೆ ಎಂಬುದರಲ್ಲಿ ಅವರ ಕೈಯಲ್ಲಿರುವುದು ಬಹಳ ಇದೆ. ಅಲ್ಲಿ ನೀವು ಗಟ್ಟಿಯಾಗಿ ಪ್ರಶ್ನೆ ಕೇಳಬೇಕು.

ಆಟದ ಕಟ್ಟಡದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಿಮ್ಮ ತೆರಿಗೆ ಬಿಲ್ಲಿನಲ್ಲಿ ಶಾಲೆಯ ದರ ಎರಡು ಭಾಗವಾಗಿರುತ್ತದೆ. ಒಂದು 'ಎಂ ಅಂಡ್ ಓ', ಇದು ಸಂಬಳ, ಬಸ್ಸು, ಕರೆಂಟಿಗೆ. ಇನ್ನೊಂದು 'ಐ ಅಂಡ್ ಎಸ್', ಇದು ಬಾಂಡ್ ಸಾಲ ತೀರಿಸಲು. ಬಾಂಡ್‌ನ ಹಣದಲ್ಲಿ ಸಂಬಳ ಕೊಡಲು ಕಾನೂನು ಬಿಡುವುದಿಲ್ಲ. ಪಕ್ಕದ ಆಲನ್‌ನಲ್ಲಿ 2012ರಲ್ಲಿ 6 ಕೋಟಿ ಡಾಲರ್‌ನ ಫುಟ್‌ಬಾಲ್ ಸ್ಟೇಡಿಯಂ ತೆರೆದದ್ದು ಇಂಥ ಬಾಂಡ್‌ನಿಂದಲೇ. ಆದ್ದರಿಂದ ನಿಮ್ಮ ಹೈಸ್ಕೂಲಿನ ಆ ಕಟ್ಟಡ ನಿಮ್ಮ ಮಗಳ ಟೀಚರ್‌ನ ಸಂಬಳ ತಿಂದಿಲ್ಲ. ಆದರೆ ಕಟ್ಟಿದ ಮೇಲೆ ಅದರ ಎಸಿ, ದೀಪ, ಕಸ ಗುಡಿಸುವವರ ಖರ್ಚು ಮೊದಲನೆಯ ಚೀಲದಿಂದಲೇ, ಅಂದರೆ ಎಂ ಅಂಡ್ ಓ ಹಣದಿಂದಲೇ ಬರಬೇಕು. ಬಾಂಡ್‌ಗೆ ಮತ ಕೇಳುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದು ನನಗೆ ಬೇಸರದ ವಿಷಯ.

ರಾಬಿನ್ ಹುಡ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಬಹಳ ಜನ ಆ ಹೆಸರನ್ನು ಬೈಗುಳದ ಹಾಗೆ ಬಳಸುತ್ತಾರೆ. ಅದು ಎಲ್ಲಿಂದ ಬಂತು ಎಂದು ತಿಳಿದರೆ ಹಾಗೆ ಬಳಸಲು ಮನಸ್ಸು ಬರುವುದಿಲ್ಲ. ಸ್ಯಾನ್ ಆಂಟೋನಿಯೋದ ಎಜ್‌ವುಡ್ ಎಂಬ ಡಿಸ್ಟ್ರಿಕ್ಟ್‌ನಲ್ಲಿ 1968ರಲ್ಲಿ ಮಕ್ಕಳು ಕ್ಲಾಸು ಬಿಟ್ಟು ಬೀದಿಗೆ ಬಂದರು. ಬಹುಪಾಲು ಮೆಕ್ಸಿಕನ್ ಮೂಲದ ಬಡ ಕುಟುಂಬಗಳ ಮಕ್ಕಳು. ಶಾಲೆಯ ಕಟ್ಟಡ ಹಾಳಾಗಿತ್ತು, ತರಬೇತಿ ಪಡೆದ ಶಿಕ್ಷಕರು ಸಾಕಷ್ಟಿರಲಿಲ್ಲ. ಡೆಮೆಟ್ರಿಯೋ ರಾಡ್ರಿಗಸ್ ಎಂಬ ತಂದೆ ಮತ್ತು ಕೆಲವು ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ವಿರುದ್ಧ ತೀರ್ಪು ಕೊಟ್ಟಿತು. ಅವರು ಬಿಡಲಿಲ್ಲ. 1984ರಲ್ಲಿ ಟೆಕ್ಸಸ್‌ನ ಕೋರ್ಟಿನಲ್ಲಿ ಮತ್ತೆ ಕೇಸು ಹೂಡಿದರು. 1989ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಾಧೀಶರೂ ಒಮ್ಮತದಿಂದ ಈ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಎಂದರು. ಆಗ ಅತಿ ಶ್ರೀಮಂತ ಡಿಸ್ಟ್ರಿಕ್ಟ್‌ನಲ್ಲಿ ಒಂದು ಮಗುವಿನ ಲೆಕ್ಕಕ್ಕೆ 1 ಕೋಟಿ 40 ಲಕ್ಷ ಡಾಲರ್‌ಗೂ ಹೆಚ್ಚು ಆಸ್ತಿ ಇತ್ತು. ಅತಿ ಬಡ ಡಿಸ್ಟ್ರಿಕ್ಟ್‌ನಲ್ಲಿ ಸುಮಾರು 20,000 ಡಾಲರ್. ಏಳುನೂರು ಪಟ್ಟು ಅಂತರ. ಅದನ್ನು ಸರಿ ಮಾಡಲೆಂದು 1993ರಲ್ಲಿ ರೀಕ್ಯಾಪ್ಚರ್ ಬಂತು.

ಮಗು ಹುಟ್ಟಿದ ಬೀದಿಯ ಮನೆ ಬೆಲೆ ನೋಡಿ ಅದರ ಶಾಲೆ ಎಂಥದ್ದು ಎಂದು ತೀರ್ಮಾನವಾಗಬಾರದು. ಈ ತತ್ವದ ಪರ ನಾನು ಪೂರ್ತಿ ನಿಲ್ಲುತ್ತೇನೆ. ನನ್ನ ತಕರಾರು ಬೇರೆ. ನಿಮ್ಮ ಊರಿನಿಂದ ಹೋದ ಹಣ ನೇರ ಎಜ್‌ವುಡ್‌ಗೆ ತಲುಪುತ್ತದೆ ಎಂದೇನೂ ಇಲ್ಲ. ಅದು ರಾಜ್ಯದ ಶಾಲಾ ನಿಧಿಯ ಲೆಕ್ಕದಲ್ಲಿ ಸೇರುತ್ತದೆ. ಅಷ್ಟರಮಟ್ಟಿಗೆ ರಾಜ್ಯ ತನ್ನ ಬೊಕ್ಕಸದಿಂದ ಕೊಡಬೇಕಾದದ್ದು ಕಡಿಮೆಯಾಗುತ್ತದೆ. ಬಹಳ ವರ್ಷಗಳಿಂದ ಅತಿ ಹೆಚ್ಚು ಕಟ್ಟುತ್ತಿರುವ ಆಸ್ಟಿನ್ ಡಿಸ್ಟ್ರಿಕ್ಟ್‌ನಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಬಡ ಮನೆಗಳವರೇ. 2023ರಲ್ಲಿ ರಾಜ್ಯದ ಕೈಯಲ್ಲಿ 3,200 ಕೋಟಿ ಡಾಲರ್‌ಗೂ ಹೆಚ್ಚು ಮಿಗತೆ ಇತ್ತು. ಆದರೂ ಆ ವರ್ಷ ಬೇಸಿಕ್ ಅಲಾಟ್‌ಮೆಂಟ್ ಒಂದು ಡಾಲರ್ ಕೂಡ ಏರಲಿಲ್ಲ. ಖಾಸಗಿ ಶಾಲೆಯ ಯೋಜನೆಗೂ ಸರ್ಕಾರಿ ಶಾಲೆಯ ಹಣಕ್ಕೂ ಗಂಟು ಹಾಕಿದ್ದರಿಂದ ಎರಡೂ ಬಿದ್ದುಹೋದವು. ಎಜ್‌ವುಡ್‌ನ ಮಗುವಿನ ಮೇಲೆ ಸಿಟ್ಟಾಗುವುದು ಬೇಡ. ಕೊಡವನ್ನು ಚಿಕ್ಕದಾಗಿಟ್ಟವರನ್ನು ಕೇಳೋಣ.

2025ರಲ್ಲಿ 850 ಕೋಟಿ ಡಾಲರ್ ಕೊಟ್ಟರಲ್ಲ ಎಂದು ನಿಮಗೆ ಯಾರಾದರೂ ಹೇಳಬಹುದು. ನಿಜ, ಅದು ದೊಡ್ಡ ಮೊತ್ತ. ಅದರಲ್ಲಿ ದೊಡ್ಡ ಭಾಗ ಶಿಕ್ಷಕರ ಸಂಬಳ ಏರಿಕೆಗೆ ಮೀಸಲು. ಐದು ವರ್ಷ ಮತ್ತು ಹೆಚ್ಚು ಅನುಭವ ಇರುವವರಿಗೆ ದೊಡ್ಡ ಡಿಸ್ಟ್ರಿಕ್ಟ್‌ಗಳಲ್ಲಿ 5,000 ಡಾಲರ್, ಚಿಕ್ಕವುಗಳಲ್ಲಿ 8,000. ಶಿಕ್ಷಕರಿಗೆ ಇದು ಸಲ್ಲಬೇಕಾದದ್ದೇ. ಆದರೆ ಆ ಹಣದಿಂದ ಬಸ್ಸು ಓಡಿಸಲು, ಲೈಬ್ರರಿಯವರನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಹೇಗೆ ಬೇಕೋ ಹಾಗೆ ಬಳಸಬಹುದಾದ ಏರಿಕೆ ಆ 55 ಡಾಲರ್.

ಇನ್ನು ನೀವು ಏನು ಮಾಡಬಹುದು. ಮೊದಲನೆಯದು ನಮ್ಮ ಮನೆಯೊಳಗಿನದ್ದೇ. ಇಲ್ಲಿ ಹಣ ಬರುವುದು ಹೆಸರು ಬರೆಸಿದ ಮಕ್ಕಳ ಲೆಕ್ಕಕ್ಕಲ್ಲ, ಹಾಜರಾದ ಮಕ್ಕಳ ಲೆಕ್ಕಕ್ಕೆ. ಒಂದು ಮಗು ಒಂದು ದಿನ ಬರದಿದ್ದರೆ ಸುಮಾರು 35 ಡಾಲರ್ ಹೋಯಿತು. ನಾವು ಡಿಸೆಂಬರ್‌ನಲ್ಲಿ ಊರಿಗೆ ಹೋಗುತ್ತೇವೆ. ಟಿಕೆಟ್ ಅಗ್ಗ ಎಂದು ಒಂದು ವಾರ ಮೊದಲೇ ಹೊರಡುತ್ತೇವೆ, ಮದುವೆಯೋ ಗೃಹಪ್ರವೇಶವೋ ಇದೆ ಎಂದು ಜನವರಿಯ ಸಂಕ್ರಾಂತಿ ಮುಗಿಸಿ ಬರುತ್ತೇವೆ. ಹದಿನೈದು ಶಾಲಾ ದಿನ ತಪ್ಪಿದರೆ ಐನೂರು ಡಾಲರ್‌ಗೂ ಹೆಚ್ಚು. ನಮ್ಮವರು ಜಾಸ್ತಿ ಇರುವ ಶಾಲೆಯಲ್ಲಿ ಎಂಬತ್ತು ಮಕ್ಕಳು ಹೀಗೆ ಮಾಡಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ. ಅಜ್ಜಿ ತಾತನನ್ನು ನೋಡಲು ಹೋಗಬೇಡಿ ಎನ್ನುವ ಮನಸ್ಸು ನನಗಿಲ್ಲ. ಆದಷ್ಟು ಬೇಸಿಗೆ ರಜೆಗೆ ಹೊಂದಿಸಿ ಎಂದಷ್ಟೇ ಕೇಳುತ್ತೇನೆ. ಹಲ್ಲಿನ ಡಾಕ್ಟರ್ ಹತ್ತಿರ ಹೋಗುವ ದಿನವೂ ಮಗುವನ್ನು ಉಳಿದ ಹೊತ್ತಿಗೆ ಶಾಲೆಗೆ ಬಿಟ್ಟು, ಡಾಕ್ಟರ ಚೀಟಿ ಕೊಡಿ. ಆಗ ಆ ದಿನ ಹಾಜರಿ ಎಂದೇ ಲೆಕ್ಕವಾಗುತ್ತದೆ.

ಮತ ಇಲ್ಲ ಎಂದರೆ ಬಾಯಿ ಇಲ್ಲ ಎಂದಲ್ಲ. ಬೋರ್ಡ್ ಸಭೆಯ ಅಜೆಂಡಾದಲ್ಲಿರುವ ವಿಷಯದ ಬಗ್ಗೆ ಮಾತಾಡಲು ಸಾರ್ವಜನಿಕರಿಗೆ ಟೆಕ್ಸಸ್‌ನ ಕಾನೂನೇ ಅವಕಾಶ ಕೊಟ್ಟಿದೆ. ವೀಸಾ ಯಾವುದು ಎಂದು ಯಾರೂ ಕೇಳುವುದಿಲ್ಲ. ಪೋಷಕರ ಸಮಿತಿಗಳಲ್ಲಿ ಕೂರಬಹುದು. ನಿಮ್ಮ ಕ್ಷೇತ್ರದ ರಾಜ್ಯ ಶಾಸಕರಿಗೆ ಪತ್ರ ಬರೆಯಬಹುದು. ಶಾಸನಸಭೆ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷದ ಜನವರಿಯಲ್ಲಿ 140 ದಿನಗಳ ಮಟ್ಟಿಗೆ ಸೇರುತ್ತದೆ. ಮುಂದಿನದು 2027ರಲ್ಲಿ. ಬೇಸಿಕ್ ಅಲಾಟ್‌ಮೆಂಟ್ ಬೆಲೆ ಏರಿಕೆಯ ಜೊತೆಗೆ ತಾನಾಗಿ ಏರುವ ಹಾಗೆ ಮಾಡಿ, ಹಾಜರಿಯ ಬದಲು ದಾಖಲಾತಿ ಲೆಕ್ಕಕ್ಕೆ ಹಣ ಕೊಡಿ: ಕೇಳಬೇಕಾದ ಎರಡು ಮಾತು ಇವು.

ಪೌರತ್ವ ಸಿಕ್ಕಿರುವ ಕನ್ನಡಿಗರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಅವರಲ್ಲಿ ಎಷ್ಟು ಜನ ಬೋರ್ಡ್ ಚುನಾವಣೆಗೆ ಹೋಗುತ್ತಾರೆ ಎಂದು ಕೇಳಿ ನೋಡಿ. ಮೂಲ ತೆರಿಗೆ ದರದ ಮೇಲೆ ನೂರು ಡಾಲರ್ ಆಸ್ತಿಗೆ ಕೆಲವು ಸೆಂಟುಗಳಷ್ಟು ಏರಿಸಲು ಡಿಸ್ಟ್ರಿಕ್ಟ್‌ಗೆ ಅವಕಾಶವಿದೆ, ಒಂದು ಮಿತಿ ದಾಟಿದರೆ ಮತದಾರರ ಒಪ್ಪಿಗೆ ಬೇಕು. ಅದರಲ್ಲಿ ಮೊದಲ 8 ಸೆಂಟಿನಿಂದ ಬಂದ ಹಣವನ್ನು ರಾಜ್ಯ ರೀಕ್ಯಾಪ್ಚರ್ ಮಾಡುವುದಿಲ್ಲ, ಪೂರ್ತಿ ಇಲ್ಲೇ ಉಳಿಯುತ್ತದೆ. ಕೊಡವನ್ನು ಸ್ವಲ್ಪವಾದರೂ ದೊಡ್ಡದು ಮಾಡಲು ಊರಿನ ಕೈಯಲ್ಲಿರುವ ದಾರಿ ಇದೊಂದೇ. ಫ್ರಿಸ್ಕೋದಲ್ಲಿ 2024ರ ನವೆಂಬರ್‌ನಲ್ಲಿ ಇಂಥದ್ದೊಂದು ಪ್ರಸ್ತಾಪ ಸೋತಿತು.

ನಿಮ್ಮ ಮಗಳ ಶಾಲೆಯ ಬಗ್ಗೆ ಸಭೆಯಲ್ಲಿ ಹೀಗೆ ಕೇಳಿ. ಈ ಕಟ್ಟಡದಲ್ಲಿ ಎಷ್ಟು ಮಕ್ಕಳಿಗೆ ಜಾಗವಿದೆ, ಈಗ ಎಷ್ಟಿದ್ದಾರೆ, ಐದು ವರ್ಷದ ಅಂದಾಜು ಏನು? ಮುಚ್ಚಿದರೆ ವರ್ಷಕ್ಕೆ ಎಷ್ಟು ಉಳಿಯುತ್ತದೆ, ಅದು ಕೊರತೆಯಲ್ಲಿ ಎಷ್ಟು ಪಾಲು? ಕಾದಿಟ್ಟ ಹಣ ಎಷ್ಟು ದಿನದ ಖರ್ಚಿಗೆ ಸಾಕು? ವಿಶೇಷ ಶಿಕ್ಷಣದ ಮಕ್ಕಳು ಎಲ್ಲಿಗೆ ಹೋಗುತ್ತಾರೆ, ಅವರ ಶಿಕ್ಷಕರು ಜೊತೆಗೆ ಹೋಗುತ್ತಾರೆಯೇ? ಶಾಲೆಗೆ ನಡೆದು ಹೋಗುತ್ತಿದ್ದ ಮಕ್ಕಳಿಗೆ ಬಸ್ಸು ಸಿಗುತ್ತದೆಯೇ? ರಾಜ್ಯ ಸಾಮಾನ್ಯವಾಗಿ ಎರಡು ಮೈಲಿಗಿಂತ ದೂರ ಇರುವವರ ಬಸ್ಸಿಗೆ ಮಾತ್ರ ಹಣ ಕೊಡುತ್ತದೆ. ಒಂದೂವರೆ ಮೈಲಿ ದೂರದಲ್ಲಿ ದೊಡ್ಡ ರಸ್ತೆ ದಾಟಬೇಕಾದ ಮಗುವಿನ ಗತಿ ಏನು ಎಂದು ಕೇಳಿ. ದಾರಿ ಅಪಾಯಕಾರಿ ಎಂದು ಬೋರ್ಡ್ ಗುರುತಿಸಿದರೆ ಆ ಮಕ್ಕಳಿಗೂ ಬಸ್ಸು ಕೊಡಬಹುದು.

ಬಹಳ ಡಿಸ್ಟ್ರಿಕ್ಟ್‌ಗಳ ಹಣಕಾಸು ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಹಾಗಾಗಿ ಬಜೆಟ್‌ನ ಸಾರ್ವಜನಿಕ ಸಭೆ ಜೂನ್‌ನಲ್ಲಿ ಇರುತ್ತದೆ. ಆಗ ರಜೆ, ಕುರ್ಚಿಗಳು ಖಾಲಿ ಇರುತ್ತವೆ. ಮಾತಾಡಲು ಮೊದಲೇ ಹೆಸರು ಬರೆಸಬೇಕು, ಸಿಗುವುದು ಕೆಲವೇ ನಿಮಿಷ. ಬರೆದುಕೊಂಡು ಹೋಗಿ. ಮಗಳಿಗೆ ಇಷ್ಟವಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ.